ಹೊಗೆಯಿಲ್ಲದ ಬೆಂಕಿ

‘ಬ್ಯಾಕ್‌ಡ್ರಾಫ್ಟ್’ (1991) ಚಿತ್ರದಲ್ಲಿ ಬೆಂಕಿಯೊಂದೇ ನಿಜವಾದ ನಟ ಎಂಬ ಮಾತನ್ನು ವಿಮರ್ಶಕರು ಇಂದಿಗೂ ಒಬ್ಬರಿಂದೊಬ್ಬರು ಕಡ ತಂದು ಬರೆಯುತ್ತಾರೆ. ಹೊಗಳಿಕೆಯಂತೆ ಕೇಳಿಸುವ ಈ ಮಾತು ನಟರನ್ನು ಗಮನವಿಟ್ಟು ನೋಡದಿರಲು ಸಿಕ್ಕ ನೆಪ. ಷಿಕಾಗೋದ ಅಗ್ನಿಶಾಮಕ ದಳ, ಕೆಲಸದ ಮೇಲೆಯೇ ಸತ್ತ ಅಪ್ಪ, ಒಂದೇ ತಂಡದಲ್ಲಿ ಸಿಕ್ಕಿಕೊಂಡ ಜಗಳಗಂಟ ಅಣ್ಣತಮ್ಮ, ನಡುವೆ ಬೆಂಕಿಯಿಟ್ಟು ಕೊಲ್ಲುವವನೊಬ್ಬ. ಕಥೆ ಇಷ್ಟೇ, ಹೆಚ್ಚು ಹೇಳಬೇಕಿಲ್ಲ.

ನಿಜವಾಗಿ ಹೊತ್ತಿ ಉರಿಯುವ ಮನೆಯೊಳಗೆ ಹೊಗೆಯಲ್ಲಿ ಕಣ್ಣೇ ಕಾಣುವುದಿಲ್ಲ. ನಿರ್ದೇಶಕ ರಾನ್ ಹೊವರ್ಡ್ ಆ ಹೊಗೆಯನ್ನು ಗುಡಿಸಿಹಾಕಿದ್ದಾರೆ. ಅಣ್ಣ ಸ್ಟೀಫನ್ ಮಾಸ್ಕ್ ಕೂಡ ಇಲ್ಲದೆ ನುಗ್ಗುತ್ತಾನೆ. ಅಜ್ಞಾನ ಎನ್ನೋಣವೆಂದರೆ ಚಿತ್ರಕಥೆ ಬರೆದ ಗ್ರೆಗರಿ ವೈಡನ್ ಸ್ವತಃ ಅಗ್ನಿಶಾಮಕರಾಗಿದ್ದವರು. ಇದು ಮುಖ ಕಾಣಲೆಂದು ಮಾಡಿಕೊಂಡ ರಾಜಿ. ಹಾಗಾದರೆ ಕಂಡ ಮುಖಗಳು ಎಂಥವು?

ಕರ್ಟ್ ರಸೆಲ್ ಇಲ್ಲಿ ಅಪ್ಪನೂ ಹೌದು, ಅಣ್ಣನೂ ಹೌದು. ಆರಂಭದ ಕೆಲವೇ ನಿಮಿಷ ಬದುಕುವ ಅಪ್ಪನ ಮೈ ಸಡಿಲ, ನಗು ಧಾರಾಳ. ಮಗನಾಗಿ ಬಂದಾಗ ಅದೇ ಮೈ ಬಿಗಿದುಕೊಂಡಿದೆ. ಅಪ್ಪ ಹಗುರಾಗಿ ಮಾಡುತ್ತಿದ್ದುದನ್ನು ಇವನು ಹಟಕ್ಕೆ ಬಿದ್ದು ಮಾಡುತ್ತಾನೆ. ತಮ್ಮನನ್ನು ಗದರಿಸುವಾಗಲೂ ರಸೆಲ್‌ರ ಕಣ್ಣು ಅವನ ಸುತ್ತಲಿನ ಅಪಾಯವನ್ನು ಅಳೆಯುತ್ತಿರುತ್ತದೆ. ಮಾಸ್ಕ್ ತೆಗೆದದ್ದು ಈ ಒಬ್ಬ ನಟನಿಂದ ಸಾರ್ಥಕ.

ತಮ್ಮ ಬ್ರಯಾನ್ ಆಗಿರುವ ವಿಲಿಯಂ ಬಾಲ್ಡ್‌ವಿನ್ ವಿಷಯಕ್ಕೆ ಬಂದರೆ ಆ ರಾಜಿಯೇ ದುಬಾರಿ. ಬೆಂಕಿ ಕಂಡಾಗಲೂ ಅಣ್ಣನನ್ನು ಕಂಡಾಗಲೂ ಪ್ರೇಯಸಿಯನ್ನು ಕಂಡಾಗಲೂ ಅದೇ ಗಂಟಿಕ್ಕಿದ ಹುಬ್ಬು. ಇಡೀ ಕಥೆಯನ್ನು ಈ ಹುಬ್ಬಿನ ಮೇಲೆ ಹೊರಿಸಿದ್ದೇ ಚಿತ್ರದ ದೊಡ್ಡ ತಪ್ಪು. ರೆಬೆಕಾ ಡಿ ಮಾರ್ನೆ, ಜೆನಿಫರ್ ಜೇಸನ್ ಲೀ ಇಬ್ಬರಿಗೂ ಕಾಯುವುದರ ಹೊರತು ಹೆಚ್ಚೇನೂ ಕೆಲಸವಿಲ್ಲ.

ಡೊನಾಲ್ಡ್ ಸದರ್ಲೆಂಡ್‌ರ ಬೆಂಕಿಹುಚ್ಚ ಕೈದಿಯನ್ನು ‘ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್’ ಚಿತ್ರದ ನಕಲು ಎಂದು ತಳ್ಳಿಹಾಕುವವರಿದ್ದಾರೆ. ಆ ಚಿತ್ರ ತೆರೆ ಕಂಡದ್ದು ಅದೇ ವರ್ಷದ ಫೆಬ್ರುವರಿಯಲ್ಲಿ, ಇದು ಮೇ ತಿಂಗಳಲ್ಲಿ. ಮೂರು ತಿಂಗಳಲ್ಲಿ ನೋಡಿ, ಬರೆದು, ಚಿತ್ರೀಕರಿಸಿ, ಬಿಡುಗಡೆಯನ್ನೂ ಮಾಡಿದರೇ? ಪಂಚಾಂಗ ನೋಡುವ ತಾಳ್ಮೆಯೂ ಇಲ್ಲದವರ ವಿಮರ್ಶೆ ಇದು. ಪೆರೋಲ್ ವಿಚಾರಣೆಯ ದೃಶ್ಯವನ್ನೇ ನೋಡಿ. ಮಗ್ಗಿ ಒಪ್ಪಿಸಿಕೊಳ್ಳುವ ಮೇಷ್ಟರಂತೆ, ತನಿಖಾಧಿಕಾರಿಯಾದ ರಾಬರ್ಟ್ ಡಿ ನೀರೊ ದನಿ ಏರಿಸದೆ ಒಂದೊಂದೇ ಪ್ರಶ್ನೆ ಹಾಕುತ್ತಾರೆ. ಸದರ್ಲೆಂಡ್ ಕಷ್ಟಪಟ್ಟು ತೊಟ್ಟ ಪಶ್ಚಾತ್ತಾಪ ಕಳಚಿ, ಒಳಗಿನ ಆಸೆ ಸಂತೋಷದಿಂದಲೇ ಹೊರಬರುತ್ತದೆ. ಅಲ್ಲಿ ಒಂದು ಕಿಡಿಯೂ ಹಾರುವುದಿಲ್ಲ. ಬೆಂಕಿಯೊಂದೇ ನಟ ಎನ್ನುವವರು ಈ ದೃಶ್ಯವನ್ನು ಯಾವ ಲೆಕ್ಕಕ್ಕೆ ಬರೆಯುತ್ತಾರೆ?

ಆಸ್ಕರ್‌ಗೂ ಅವರದೇ ಕಿವಿ, ಅವರದೇ ಕಣ್ಣು. ಧ್ವನಿ, ಧ್ವನಿ ಪರಿಣಾಮಗಳ ಸಂಕಲನ, ದೃಶ್ಯ ಪರಿಣಾಮ ಎಂದು ಮೂರು ನಾಮನಿರ್ದೇಶನ ಸಿಕ್ಕವು. ಮೂರನ್ನೂ ‘ಟರ್ಮಿನೇಟರ್ 2’ ಗೆದ್ದುಕೊಂಡಿತು. ರಸೆಲ್ ಹೆಸರು ಪಟ್ಟಿಯಲ್ಲೇ ಇರಲಿಲ್ಲ.