ಹೆಸರು, ಲಕ್ಷಣ, ರೋಗ: ಮೇದೋಜೀರಕ ಗ್ರಂಥಿಯ ಕ್ಯಾನ್ಸರನ್ನು ಕುರಿತು ಒಂದು ಆಕರ ವಿಮರ್ಶೆ

ಮೇದೋಜೀರಕ ಗ್ರಂಥಿಯ ಕ್ಯಾನ್ಸರು ಈ ಕಾಲದ ರೋಗ, ನಮ್ಮ ಪೂರ್ವಿಕರಿಗೆ ಇದರ ಬಾಧೆಯಿರಲಿಲ್ಲ ಎಂಬ ಮಾತು ವಿದ್ಯಾವಂತರಲ್ಲಿಯೂ ಕೇಳಿಬರುತ್ತದೆ. ಹಳೆಯ ದಾಖಲೆಗಳಲ್ಲಿ ಇದರ ಹೆಸರಿಲ್ಲವೆಂಬುದೇ ಅದಕ್ಕೆ ಕೊಡುವ ಆಧಾರ. ಇನ್ನು ಕೆಲವರು ಇದಕ್ಕೆ ವಿರುದ್ಧವಾಗಿ, ಪ್ರಾಚೀನ ವೈದ್ಯಗ್ರಂಥಗಳ ‘ಗುಲ್ಮ’, ‘ಅರ್ಬುದ’ಗಳೇ ಈ ರೋಗವೆಂದು ಸಾಧಿಸುವುದುಂಟು. ಎರಡು ಪಕ್ಷಗಳವರೂ ಹೆಸರನ್ನೇ ರೋಗವೆಂದು ತಿಳಿಯುತ್ತಾರೆ. ಈ ತಪ್ಪು ಪುಸ್ತಕದಲ್ಲಿದ್ದರೆ ಚರಿತ್ರೆ ಕೆಡುತ್ತದೆ; ಮನೆಯನ್ನು ಹೊಕ್ಕರೆ ಪ್ರಾಣಕ್ಕೆ ಎರವಾಗುತ್ತದೆ.

ಮೊದಲನೆಯ ವಾದವನ್ನು ಮುಳಬಾಗಿಲು ತಾಲ್ಲೂಕಿನ ಆವನಿಯ ಶಾಸನದಿಂದಲೇ ಪರೀಕ್ಷಿಸಬಹುದು. ಅಲ್ಲಿಯ ಗುರು ತ್ರಿಭುವನಕರ್ತರು ಕ್ರಿ.ಶ. 961ರಲ್ಲಿ ಕಾಲವಾದುದನ್ನು ಶಾಸನ ಹೇಳುತ್ತದೆ. ಅವರು 40 ವರ್ಷ ಆವನಿಯ ಸ್ಥಾನವನ್ನು ಆಳಿದರು, 50 ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿದರು ಎಂದು ತಿಳಿದುಬರುತ್ತದೆ. ಕೀರ್ತಿಯನ್ನು ನಿಲ್ಲಿಸುವುದೇ ಶಾಸನದ ಉದ್ದೇಶ. ದೇಹದ ವ್ಯಾಧಿಯನ್ನು ಬರೆದಿಡುವುದಲ್ಲ. ಆದಕಾರಣ ಶಿಲೆಯ ಮೌನವನ್ನು ಆರೋಗ್ಯದ ಸಾಕ್ಷ್ಯವೆಂದು ಭಾವಿಸುವಂತಿಲ್ಲ. ಬ್ರಿಟಿಷರ ಕಾಲದ ಮರಣದ ಲೆಕ್ಕಗಳೂ ಇದಕ್ಕಿಂತ ಬಹಳ ಮುಂದೆ ಹೋಗಲಿಲ್ಲ. ಕಾಲರಾ, ಸಿಡುಬು, ಪ್ಲೇಗು, ಜ್ವರ, ಭೇದಿ ಎಂದು ವಿಂಗಡಿಸಿ, ಮಿಕ್ಕುದನ್ನೆಲ್ಲ ‘ಇತರ ಕಾರಣಗಳು’ ಎಂಬ ಅಂಕಣಕ್ಕೆ ಸೇರಿಸುತ್ತಿದ್ದರು. ಜಠರದ ಹಿಂದೆ, ಬೆನ್ನುಮೂಳೆಗೆ ಒತ್ತಿಕೊಂಡಿರುವ ಈ ಗ್ರಂಥಿಯ ರೋಗ ಆ ಅಂಕಣದಲ್ಲಿ ಎಷ್ಟು ಸಲ ಅಡಗಿತ್ತೋ ಹೇಳಬಲ್ಲವರಿಲ್ಲ.

ಎರಡನೆಯ ತಪ್ಪಿಗೆ ‘ಕಾಮಾಲೆ’ ಎಂಬ ಮಾತು ಒಳ್ಳೆಯ ಉದಾಹರಣೆ. ಇದು ರೋಗದ ಹೆಸರಲ್ಲ, ಒಂದು ಲಕ್ಷಣದ ಹೆಸರು. ಕಣ್ಣೂ ಮೂತ್ರವೂ ಹಳದಿಯಾಗುವುದಕ್ಕೆ ಯಕೃತ್ತಿನ ಸೋಂಕು, ಪಿತ್ತಕೋಶದ ಕಲ್ಲು, ಪಿತ್ತನಾಳವನ್ನು ಹೊರಗಿನಿಂದ ಒತ್ತುವ ಗಡ್ಡೆ, ಹೀಗೆ ಹಲವು ಕಾರಣಗಳುಂಟು. ಇವುಗಳಲ್ಲಿ ‘ಎ’ ಬಗೆಯ ವೈರಸ್ ಸೋಂಕು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ವಾರಗಳಲ್ಲಿ ಕುಡಿದ ಸೊಪ್ಪಿನ ರಸಕ್ಕೆ ಗುಣದ ಕೀರ್ತಿ ಸಲ್ಲುತ್ತದೆ. ಮಗನಿಗೆ ವಾಸಿಯಾದ ಔಷಧಿಯನ್ನೇ ಮುಂದೆ ಅರುವತ್ತು ದಾಟಿದ ತಂದೆಗೂ ಕೊಡುತ್ತಾರೆ. ಆದರೆ ತಂದೆಯ ಕಾಮಾಲೆಯಲ್ಲಿ ಜ್ವರವಿಲ್ಲ, ನೋವಿಲ್ಲ. ಮೈ ಇಳಿಯುತ್ತಿದೆ, ತುರಿಕೆಯಿದೆ, ಮಲ ಬಿಳಿಚಿದೆ, ಸಕ್ಕರೆ ಕಾಯಿಲೆ ಹೊಸದಾಗಿ ಕಾಣಿಸಿಕೊಂಡಿದೆ. ಹೆಸರು ಒಂದೇ, ರೋಗ ಬೇರೆ. ಪಥ್ಯದಲ್ಲಿ ಕಳೆದ ದಿನಗಳು ಹಿಂದಿರುಗುವುದಿಲ್ಲ.

ಗ್ರಂಥಿಯ ತಲೆಭಾಗದಲ್ಲಿ ಗಡ್ಡೆ ಹುಟ್ಟಿದಾಗ ಕಾಮಾಲೆ ಬೇಗ ತೋರುತ್ತದೆ. ನಡುವಿನಲ್ಲಾಗಲಿ ಬಾಲದಲ್ಲಾಗಲಿ ಹುಟ್ಟಿದರೆ ಬೆನ್ನಿಗೆ ಹಾಯುವ ನೋವು ಮತ್ತು ಕೃಶತೆಯಷ್ಟೇ ಸೂಚನೆ, ಅದೂ ತಡವಾಗಿ. ರಕ್ತದ ‘ಸಿಎ 19-9’ ಪರೀಕ್ಷೆಯೊಂದರಿಂದ ರೋಗ ನಿರ್ಣಯವಾಗದು. ಪಿತ್ತನಾಳ ಕಟ್ಟಿದರೆ ಅದು ಬೇರೆ ಕಾರಣಗಳಿಂದಲೂ ಏರುತ್ತದೆ. ಸಿ.ಟಿ. ಸ್ಕ್ಯಾನ್ ಮತ್ತು ಎಂಡೋಸ್ಕೋಪಿಯ ಮೂಲಕ ನಡೆಸುವ ಅಲ್ಟ್ರಾಸೌಂಡ್ ಗಡ್ಡೆಯ ನೆಲೆಯನ್ನೂ ಅದು ರಕ್ತನಾಳಗಳನ್ನು ಸುತ್ತಿದೆಯೇ ಎಂಬುದನ್ನೂ ತೋರಿಸುತ್ತವೆ. ಅಲೆನ್ ವಿಪ್ಪಲ್ 1935ರಲ್ಲಿ ಪ್ರಕಟಿಸಿದ ಶಸ್ತ್ರಕ್ರಿಯೆಯಿಂದ ಬೆಳೆದುಬಂದ ವಿಧಾನವೇ ಇಂದಿಗೂ ತಲೆಭಾಗದ ಗಡ್ಡೆಗೆ ಮುಖ್ಯ ಆಶ್ರಯ. ಆದರೆ ರೋಗ ತಿಳಿದಾಗ ಶಸ್ತ್ರಕ್ರಿಯೆಗೆ ಒದಗುವವರು ನೂರಕ್ಕೆ 15ರಿಂದ 20 ಮಂದಿ ಮಾತ್ರ. ಮಿಕ್ಕವರಿಗೂ ಮಾಡಬೇಕಾದುದು ಬಹಳವಿದೆ: ಕೀಮೋಥೆರಪಿ, ಕಟ್ಟಿದ ನಾಳಕ್ಕೆ ಸ್ಟೆಂಟ್, ಅರಗದ ಅನ್ನಕ್ಕೆ ಕಿಣ್ವದ ಮಾತ್ರೆ, ನೋವಿಗೆ ಮಾರ್ಫಿನ್. ಇವುಗಳನ್ನು ‘ಕೈಬಿಟ್ಟ ಮೇಲಿನ ಉಪಚಾರ’ವೆಂದು ಕರೆಯುವುದೂ ಹೆಸರಿನ ತಪ್ಪೇ.

ಕೊನೆಯದಾಗಿ ನಮ್ಮ ಕಾಲದ ಆಕರದ ವಿಚಾರ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆ 1973ರಲ್ಲಿ ಸ್ಥಾಪಿತವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಯೋಜನೆಯಂತೆ 1982ರಿಂದ ಅಲ್ಲಿ ಬೆಂಗಳೂರಿನ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ಅದರ ಬೆಲೆ ದೊಡ್ಡದು. ಆದರೆ ಅದು ಎಣಿಸುವುದು ಆ ನಗರದ ನಿವಾಸಿಗಳನ್ನು. ಆವನಿಯ ರೈತನೊಬ್ಬನು ಬೆಂಗಳೂರಿನ ಆಸ್ಪತ್ರೆಯನ್ನು ಸೇರಿದರೆ ಆಸ್ಪತ್ರೆಯ ಲೆಕ್ಕದಲ್ಲಿ ಬರುತ್ತಾನೆ, ನಗರದ ಪ್ರಮಾಣದಲ್ಲಿ ಬರುವುದಿಲ್ಲ. ಕಾಮಾಲೆಯೆಂಬ ಹೆಸರಿನಲ್ಲಿ ಊರಿನಲ್ಲೇ ತೀರಿಕೊಂಡರೆ ಎರಡರಲ್ಲಿಯೂ ಇಲ್ಲ. ನಗರದ ಅಂಕಿಗಳನ್ನು ನಾಡಿನ ಅಂಕಿಗಳೆಂದು ಪ್ರಬಂಧಗಳಲ್ಲಿ ಎತ್ತಿ ಬರೆಯುವವರು ಈ ಮಿತಿಯನ್ನು ಮರೆಯಬಾರದು.

ಆಕರವು ಏನನ್ನು ಹೇಳಲು ಹುಟ್ಟಿತು, ಯಾವುದನ್ನು ಹೇಳಲಾರದು ಎಂದು ಕೇಳುವುದು ಚರಿತ್ರಕಾರನ ಮೊದಲ ಪಾಠ. ಹಳದಿ ಕಣ್ಣಿನ ಮುಂದೆಯೂ ಅದೇ ಪ್ರಶ್ನೆ ಸಲ್ಲುತ್ತದೆ. ನಮ್ಮ ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯರ ವಿಷಯದಲ್ಲಿ ‘ಕಾಮಾಲೆಯಂತೆ’ ಎಂಬ ಉತ್ತರಕ್ಕೆ ತೃಪ್ತರಾಗದೆ ‘ಯಾವುದರಿಂದ?’ ಎಂದು ಕೇಳಿ, ಆ ವಾರವೇ ಅವರನ್ನು ಪರೀಕ್ಷೆಗೆ ಕರೆದೊಯ್ದರೆ, ತರಗತಿಯಲ್ಲಿ ಕಲಿತ ಆಕರ ವಿಮರ್ಶೆ ಸಾರ್ಥಕವಾದಂತೆ.