ಚಿಕ್ಕಲ್ಲೂರಿನ ಬಾಡುಸಾರು

ಹನೂರು ತಾಲ್ಲೂಕಿನ ಚಿಕ್ಕಲ್ಲೂರಿನಲ್ಲಿ ಬನದ ಹುಣ್ಣಿಮೆಯಿಂದ ಐದು ದಿನ ನಡೆಯುವ ಸಿದ್ದಪ್ಪಾಜಿಯ ಜಾತ್ರೆಯಲ್ಲಿ, ನಾಲ್ಕನೆಯ ದಿನದ ಪಂಕ್ತಿಸೇವೆಗೆಂದು ಬಿಡಾರಗಳ ಮುಂದೆ ಕುದಿಯುವ ಬಾಡುಸಾರಿನ ಪರಿಮಳವನ್ನು ಆಘ್ರಾಣಿಸಿದವನು ಪಾಕಶಾಸ್ತ್ರವು ಕೇವಲ ಗ್ರಂಥಸ್ಥವೆಂದು ನಂಬಲಾರನು. ಈರುಳ್ಳಿ ಅರಿಸಿನಗಳೊಡನೆ ಮಾಂಸವು ತಾನು ಬಿಟ್ಟ ನೀರಿನಲ್ಲಿಯೇ ಬೆಂದು, ಆ ನೀರು ಇಂಗಿ, ಕೊಬ್ಬು ಸಣ್ಣಗೆ ಚಿಟಗುಟ್ಟತೊಡಗಿದ ಮೇಲಲ್ಲದೆ ನುರಿತ ಕೈ ಬಿಸಿನೀರನ್ನು ಎರೆಯದು. ಹುರಿದ ಕೊತ್ತಂಬರಿಬೀಜ, ಒಣಮೆಣಸಿನಕಾಯಿ, ಚಕ್ಕೆ, ಲವಂಗ, ಗಸಗಸೆಗಳೊಡನೆ ನುಣ್ಣಗೆ ಅರೆದ ಕಾಯಿಯನ್ನು ಕೂಡಿಸಿ, ರಕ್ತವರ್ಣದ ಎಣ್ಣೆ ಮೇಲೆ ತೇಲುವವರೆಗೆ ಉರಿ ತಗ್ಗಿಸಿ ಕಾಯುವ ತಾಳ್ಮೆಯಂತೂ ತಪಸ್ಸೇ ಸರಿ. ಮೆಕ್ಸಿಕೋದ ಮನೆಗಳಲ್ಲಿ ಮಾಂಸದ ಗಟ್ಟಿಸಾರಿಗೆ ಕೆಂಪೇರಿಸುವ ಮೆಣಸಿನಕಾಯಿಯೇ ಪೋರ್ಚುಗೀಸರ ಹಡಗೇರಿ ನಮ್ಮಲ್ಲಿಗೂ ಬಂದಿತೆಂಬುದು, ಈ ಘಮದ ಮುಂದೆ, ನಂಬಲು ಕಷ್ಟ. ಈ ಸಾರನ್ನು ರಾಗಿಮುದ್ದೆಯೊಡನೆಯೇ ಉಣ್ಣತಕ್ಕದ್ದು. ಅನ್ನಕ್ಕೆ ಸುರಿದರೆ ವ್ಯರ್ಥವೆಂಬುದು ನನ್ನ ಮತ.