ಸೊನ್ನೆಯ ಸಹಿಗೂ ಸೈ

ಗುರುತಿನ ದೃಢೀಕರಣಕ್ಕೊಂದು ಲೈಬ್ರರಿ ಬರೆದಿದ್ದೇವೆ, ಅದನ್ನು ಮೋಸಿಪ್‌ನಂಥ ಓಪನ್ ಸೋರ್ಸ್ ಯೋಜನೆಗೆ ಕೊಡುವುದು ಹೇಗೆ ಎಂದು ಕೇಳಿದವರಿಗೆ ಈ ವಾರ ಉತ್ತರಿಸುತ್ತೇನೆ ಎಂದಿದ್ದೆ. ಉತ್ತರದ ಸುಲಭ ಭಾಗವನ್ನು ಮೊದಲೇ ಮುಗಿಸಿಬಿಡುತ್ತೇನೆ. ಐಐಐಟಿ ಬೆಂಗಳೂರಿನಲ್ಲಿ 2018ರಲ್ಲಿ ಶುರುವಾದ ಮೋಸಿಪ್‌ನ ಕೋಡ್ ಮೊಜಿಲ್ಲಾ ಪಬ್ಲಿಕ್ ಲೈಸೆನ್ಸ್ 2.0ರ ಅಡಿ ಎಲ್ಲರಿಗೂ ಸಿಗುತ್ತದೆ. ಫಿಲಿಪೀನ್ಸ್, ಇಥಿಯೋಪಿಯಾ ದೇಶಗಳ ರಾಷ್ಟ್ರೀಯ ಗುರುತಿನ ವ್ಯವಸ್ಥೆಗಳು ಅದರ ಮೇಲೆ ನಿಂತಿವೆ. ನಿಮ್ಮ ಲೈಸೆನ್ಸ್ ಅದಕ್ಕೆ ಹೊಂದಬೇಕು. ಗೂಢಲಿಪಿಯ ಗಣಿತವನ್ನು ನೀವೇ ಹೊಸದಾಗಿ ಬರೆದಿರಬಾರದು. ಲೈಬ್ರರಿ ಒಂದು ಕೆಲಸಕ್ಕೆ ಮಾತ್ರ ಕಟ್ಟುಬಿದ್ದಿರಬೇಕು. ಯೋಜನೆಯವರದೇ ಪಿಕ್ಸೆಲ್‌ಪಾಸ್ ನೋಡಿ: ಗುರುತಿನ ಮಾಹಿತಿಯನ್ನು ಕುಗ್ಗಿಸಿ ಕ್ಯೂಆರ್ ಕೋಡಿಗೆ ತುಂಬುತ್ತದೆ, ಓದುವಾಗ ಬಿಡಿಸಿ ಕೊಡುತ್ತದೆ. ಅಷ್ಟೇ ಅದರ ಕೆಲಸ.

ಇದೆಲ್ಲ ಈ ಅಂಕಣದ ಹಳೆಯ ಓದುಗರಿಗೆ ಗೊತ್ತಿರುವುದೇ. ನಾನು ಕೇಳಬೇಕೆಂದಿರುವ ಪ್ರಶ್ನೆ ಬೇರೆ. ನಿಮ್ಮ ಲೈಬ್ರರಿ ಏನನ್ನು ಒಲ್ಲೆ ಎನ್ನುತ್ತದೆ?

ಹೊಸಬರ ಪುಲ್ ರಿಕ್ವೆಸ್ಟ್ ತೆರೆದರೆ ಸರಿಯಾದ ಸಹಿಯನ್ನು ಒಪ್ಪುವ ಟೆಸ್ಟ್ ಇದ್ದೇ ಇರುತ್ತದೆ. ಅವಧಿ ಮುಗಿದ ಟೋಕನ್, ಅರ್ಧಕ್ಕೆ ಕತ್ತರಿಸಿದ ಸಹಿ, ಬೇರೆ ಯಾರದೋ ಕೀಲಿ, ಖಾಲಿ ಸಹಿ, ಇವನ್ನು ಕೊಟ್ಟರೆ ಏನಾಗುತ್ತದೆ ಎಂಬ ಟೆಸ್ಟ್ ಮಾತ್ರ ಹುಡುಕಿದರೂ ಸಿಗುವುದು ಅಪರೂಪ. ದೃಢೀಕರಣದ ಕೋಡಿನಲ್ಲಿ ನಿಜವಾದ ಕಸುಬು ಇರುವುದೇ ಅಲ್ಲಿ. ತಪ್ಪಿಲ್ಲದ ಸಹಿಯನ್ನು ಒಪ್ಪಲು ಯಾವ ಕೋಡಿಗೂ ಬರುತ್ತದೆ. ಎಲ್ಲದಕ್ಕೂ ಹೂಂ ಎನ್ನುವ ಒಂದು ಸಾಲಿನ ಫಂಕ್ಷನ್‌ಗೂ ಬರುತ್ತದೆ.

ಉತ್ಪ್ರೇಕ್ಷೆ ಎನಿಸಿದರೆ ಜಾವಾದ ಕಥೆ ಕೇಳಿ. ಎಲಿಪ್ಟಿಕ್ ಕರ್ವ್ ಡಿಜಿಟಲ್ ಸಹಿ ಎಂದರೆ ಎರಡು ಸಂಖ್ಯೆಗಳ ಜೋಡಿ. ಪರಿಶೀಲನೆಯ ಮೊಟ್ಟಮೊದಲ ಹೆಜ್ಜೆಯೇ ಎರಡೂ ಸೊನ್ನೆಯಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು. ಆ ಹೆಜ್ಜೆ ಬಿಟ್ಟರೆ ಮುಂದಿನ ಲೆಕ್ಕವೆಲ್ಲ ಸೊನ್ನೆಯಿಂದ ಗುಣಿಸಿಕೊಂಡು ಹೋಗಿ, ಕೊನೆಗೆ ಸೊನ್ನೆ ಸೊನ್ನೆಗೆ ಸಮ ಎಂದು ಮುಗಿಯುತ್ತದೆ. ಸಂದೇಶ ಯಾವುದೇ ಇರಲಿ, ಕೀಲಿ ಯಾರದೇ ಇರಲಿ, ಸಹಿ ಒಪ್ಪಿತ. ಮೊದಲು ಸಿ++ನಲ್ಲಿದ್ದ ಈ ಭಾಗವನ್ನು ಜಾವಾ 15ರಲ್ಲಿ ಜಾವಾದಲ್ಲೇ ಬರೆದರು, 2020ರಲ್ಲಿ. ಬರೆಯುವಾಗ ಆ ಮೊದಲ ಹೆಜ್ಜೆ ಬಿಟ್ಟುಹೋಯಿತು. ಭದ್ರತಾ ಸಂಶೋಧಕ ನೀಲ್ ಮ್ಯಾಡನ್ ಅದನ್ನು ಕಂಡುಹಿಡಿದು, ತಿದ್ದುಪಡಿ ಹೊರಬಿದ್ದದ್ದು 2022ರ ಏಪ್ರಿಲ್‌ನಲ್ಲಿ. ಅಲ್ಲಿಯವರೆಗೆ ಜಾವಾ 15ರಿಂದ 18ರವರೆಗಿನ ಆವೃತ್ತಿಗಳು ಬರೀ ಸೊನ್ನೆಗಳ ಸಹಿಗೂ ಸೈ ಎನ್ನುತ್ತಿದ್ದವು. ಸರಿಯಾದ ಸಹಿಗಳ ಟೆಸ್ಟ್‌ಗಳೆಲ್ಲ ಅಷ್ಟೂ ಕಾಲ ಪಾಸಾಗುತ್ತಲೇ ಇದ್ದವು.

ನನಗೆ ಸಂಕಟವಾಗುವುದು ಇದಕ್ಕಲ್ಲ. ಈ ತಪ್ಪನ್ನು ಹಿಡಿಯುವ ಟೆಸ್ಟ್‌ಗಳು ಆಗಲೇ ಪುಕ್ಕಟೆಯಾಗಿ ಸಿಗುತ್ತಿದ್ದವು! ಗೂಗಲ್‌ನ ಭದ್ರತಾ ಎಂಜಿನಿಯರುಗಳು 2016ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ವೈಚೆಪ್ರೂಫ್ ಎಂಬ ಯೋಜನೆಯಲ್ಲಿರುವುದು ಲೈಬ್ರರಿಯಲ್ಲ, ಬೇರೆಯವರ ಲೈಬ್ರರಿಗಳನ್ನು ಒರೆಗೆ ಹಚ್ಚುವ ಟೆಸ್ಟ್‌ಗಳು. ಪ್ರಪಂಚದಲ್ಲೇ ಅತಿ ಚಿಕ್ಕದೆಂದು ಹೇಳಲಾಗುವ ಆಸ್ಟ್ರೇಲಿಯಾದ ಬೆಟ್ಟವೊಂದರ ಹೆಸರನ್ನು ಅದಕ್ಕಿಟ್ಟರು, ಹತ್ತಿ ಮುಗಿಸಬಹುದಾದ ಗುರಿ ಇರಲಿ ಎಂದು. ಪ್ರಕಟವಾದ ದಿನ ಅದರಲ್ಲಿ 80ಕ್ಕೂ ಹೆಚ್ಚು ಟೆಸ್ಟ್‌ಗಳಿದ್ದವು. ಅಷ್ಟರಲ್ಲೇ ಅವು 40ಕ್ಕೂ ಹೆಚ್ಚು ದೋಷಗಳನ್ನು ಹೊರಗೆಳೆದಿದ್ದವು. ಸೊನ್ನೆಯ ಸಹಿ ಆ ಭಂಡಾರದಲ್ಲಿತ್ತು. ಒಂದು ಹೊಸ ಲೈಬ್ರರಿಗಿಂತ ಇಂಥ ಒಂದು ಕಡತ ದೊಡ್ಡ ಕೊಡುಗೆ ಎಂದು ನಾನು ಪದೇಪದೇ ಬರೆಯುವುದು ಇದಕ್ಕೇ.

ಇಲ್ಲಿಗೆ ಬಂದಮೇಲೆ ಉದಾರವಾದಿಗಳ ಮಾತೆತ್ತದೆ ಮುಂದೆ ಹೋಗಲಾರೆ. ಕಳಿಸುವಾಗ ಕಟ್ಟುನಿಟ್ಟು, ಬರಮಾಡಿಕೊಳ್ಳುವಾಗ ಉದಾರ: ಜಾನ್ ಪೋಸ್ಟೆಲ್ 1980ರಲ್ಲಿ ಟಿಸಿಪಿಯ ವಿವರಣೆಯಲ್ಲಿ ಬರೆದಿಟ್ಟ ಈ ಸೂತ್ರವನ್ನು ಹಿಡಿದುಕೊಂಡು, ಅಡ್ಡಾದಿಡ್ಡಿ ಬಂದದ್ದನ್ನೂ ಹೇಗಾದರೂ ಅರ್ಥ ಮಾಡಿಕೊಳ್ಳುವುದೇ ಒಳ್ಳೆಯ ಕೋಡ್ ಎನ್ನುವವರು ಈಗಲೂ ಇದ್ದಾರೆ. ಆ ಉದಾರತೆಯ ಫಲ ಕಣ್ಣೆದುರಿಗಿದೆ. ತನ್ನನ್ನು ಹೇಗೆ ಪರೀಕ್ಷಿಸಬೇಕೆಂದು ಟೋಕನ್ನೇ ಹೇಳಲಿ ಎಂದು ಬಿಟ್ಟುಕೊಟ್ಟ ಹಲವು ಜೆಡಬ್ಲ್ಯೂಟಿ ಲೈಬ್ರರಿಗಳು, ಸಹಿಯೇ ಇಲ್ಲ ಎಂದು ತಾನೇ ಸಾರಿಕೊಂಡ ಟೋಕನ್ನನ್ನೂ ಒಪ್ಪುತ್ತಿದ್ದವು ಎಂಬುದು 2015ರಲ್ಲಿ ಬಯಲಾಯಿತು. ಅದಕ್ಕೂ ಮೊದಲು, 2012ರಲ್ಲಿ, ಲಾಗಿನ್ ದೃಢೀಕರಣದ ಸ್ಯಾಮಲ್ ಮಾನದಂಡ ಅಳವಡಿಸಿದ 14 ತಂತ್ರಾಂಶಗಳನ್ನು ಸಂಶೋಧಕರು ಪರೀಕ್ಷಿಸಿದಾಗ 11ರಲ್ಲಿ ಸಹಿಯಾದ ಭಾಗ ಒಂದು, ನಂಬಿದ ಭಾಗ ಇನ್ನೊಂದು ಆಗುವಂತೆ ಮಾಡಬಹುದಿತ್ತು.

ಪೋಸ್ಟೆಲ್ ಮೇಲೆ ನನಗೆ ಸಿಟ್ಟಿಲ್ಲ. ಅವರ ಸೂತ್ರವನ್ನು ಅರ್ಧಕ್ಕೇ ಓದಿದವರ ಮೇಲಿದೆ. ನನ್ನ ಮೆಚ್ಚಿನ ಗ್ರಂಥ ಆರ್‌ಎಫ್‌ಸಿ 1122, 1989ರ ಅಕ್ಟೋಬರ್‌ನದು. ಆ ಸೂತ್ರವನ್ನು ಅದೇ ಬಿಡಿಸಿ ಹೇಳುತ್ತದೆ. ಅದರ ತಾತ್ಪರ್ಯವನ್ನು ಕೊಡುತ್ತೇನೆ: ಬರಬಹುದಾದ ತಪ್ಪು ಎಷ್ಟೇ ಅಸಂಭವ ಎನಿಸಲಿ, ಅದನ್ನು ನಿಭಾಯಿಸುವಂತೆ ತಂತ್ರಾಂಶ ಬರೆಯಿರಿ, ಎಂದಾದರೊಂದು ದಿನ ಅದು ಬಂದೇ ಬರುತ್ತದೆ, ಸಿದ್ಧವಿಲ್ಲದಿದ್ದರೆ ಅನಾಹುತ. ಜಾಲದ ತುಂಬ ಕೇಡಿಗರೇ ಇದ್ದಾರೆ, ಅತ್ಯಂತ ಹೆಚ್ಚು ಹಾನಿಯಾಗುವಂಥದ್ದನ್ನೇ ಆರಿಸಿ ಕಳಿಸುತ್ತಾರೆ ಎಂದು ಎಣಿಸಿಕೊಳ್ಳಿ. ಅಷ್ಟಾದರೂ ಇಂಟರ್ನೆಟ್ಟಿನ ದೊಡ್ಡ ಅವಘಡಗಳು ಯಾರೂ ಊಹಿಸದ ಅಪರೂಪದ ಸಂದರ್ಭಗಳಿಂದ ಆದವು. ಮನುಷ್ಯರ ದುಷ್ಟತನಕ್ಕೆ ಅಷ್ಟು ವಕ್ರ ದಾರಿ ಹೊಳೆಯುತ್ತಲೇ ಇರಲಿಲ್ಲ. ಉದಾರವಾಗಿರಿ ಎಂಬ ಮಾತಿನ ಕೆಳಗೇ ಇಷ್ಟೂ ಇದೆ. ಕೇಡಿಗನನ್ನು ಮನಸ್ಸಿನಲ್ಲಿಟ್ಟುಕೊಂಡವನು ಸೊನ್ನೆಯ ಸಹಿಯನ್ನು ಪರೀಕ್ಷಿಸದೆ ಬಿಡುವುದಿಲ್ಲ.

ಹಾಗಾದರೆ ನಮ್ಮವರು ಏನು ಕೊಡಬಹುದು? ಆಸ್ಟ್ರೇಲಿಯಾದ ಬೆಟ್ಟ ಹತ್ತಿದವರಿಗೆ ಹೊಳೆಯದ, ಕನ್ನಡ ಬಲ್ಲವರಿಗೇ ಹೊಳೆಯುವ ಟೆಸ್ಟ್‌ಗಳಿವೆ. ಗೋಪಾಲ ಎಂಬ ಹೆಸರಿನ 'ಗೋ' ಅಕ್ಷರವನ್ನು ಯೂನಿಕೋಡ್‌ನಲ್ಲಿ ಮೂರು ಬಗೆಯಲ್ಲಿ ಬರೆಯಬಹುದು: ಗಕಾರದ ಮುಂದೆ ಓತ್ವದ ಒಂದೇ ಚಿಹ್ನೆ; ಒತ್ವ ಮತ್ತು ದೀರ್ಘ; ಎತ್ವ, ಊತ್ವ ಮತ್ತು ದೀರ್ಘ. ಕಣ್ಣಿಗೆ ಮೂರೂ ಒಂದೇ. ಯುಟಿಎಫ್-8ರಲ್ಲಿ ಆ ಸ್ವರಚಿಹ್ನೆಗೆ ಕ್ರಮವಾಗಿ 3, 6, 9 ಬೈಟ್. ಉದಾರ ಲೈಬ್ರರಿಯೊಂದು ಸಹಿ ಪರೀಕ್ಷಿಸುವ ಮೊದಲು ಇವನ್ನು ತಾನೇ ಒಂದಾಗಿಸಿದರೆ, ಸಹಿ ಬಿದ್ದ ಬೈಟ್‌ಗಳೇ ಬೇರೆ, ಪರೀಕ್ಷಿಸಿದ ಬೈಟ್‌ಗಳೇ ಬೇರೆ. ಸಹಿಗಾಗಿ ಜೇಸನ್ ಅನ್ನು ಒಂದು ಕ್ರಮಕ್ಕೆ ತರುವ ಆರ್‌ಎಫ್‌ಸಿ 8785 ಕೂಡ ಅಕ್ಷರಗಳನ್ನು ಬಂದ ಹಾಗೇ ಉಳಿಸಿ ಎನ್ನುತ್ತದೆ. ಹೆಸರು ಹೋಲಿಸಿ ನೋಡುವ ಕೋಡ್ ಮಾತ್ರ ಮೂರನ್ನೂ ಒಂದೆಂದೇ ತಿಳಿಯಬೇಕು. ಇಲ್ಲದಿದ್ದರೆ ನಿಜವಾದ ಗೋಪಾಲನೇ ಬಾಗಿಲ ಹೊರಗೆ ನಿಲ್ಲುತ್ತಾನೆ. ಆ ಕೆಲಸಕ್ಕೆ ಯೂನಿಕೋಡ್‌ನದೇ ನಿಯಮವಿದೆ, ಅಂದಾಜು ಬೇಕಿಲ್ಲ.

ರಾಜ್‌ಕುಮಾರ್ ಇನ್ನೂ ಕಠಿಣ. ಜ್ ಮತ್ತು ಕು ನಡುವೆ ಒತ್ತಕ್ಷರ ಆಗದಂತೆ ತಡೆಯುವ ಕಾಣದ ಅಕ್ಷರವೊಂದು ಕೂತಿದೆ. ಮೇಲೆ ಹೇಳಿದ ನಿಯಮ ಅದನ್ನು ತೆಗೆಯುವುದಿಲ್ಲ. ಅದಿರುವ ಹೆಸರು, ಅದಿಲ್ಲದ ಹೆಸರು ಒಬ್ಬನದೇ ಅಥವಾ ಇಬ್ಬರದೇ ಎಂಬುದನ್ನು ಯೋಜನೆಯವರೇ ತೀರ್ಮಾನಿಸಿ ಬರೆದಿಡಬೇಕು. ಬರೆದಿಡುವಂತೆ ಒತ್ತಾಯಿಸುವುದು ನಿಮ್ಮ ಟೆಸ್ಟ್.

ಆದ್ದರಿಂದ ಲೈಬ್ರರಿಯನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಮೊದಲ ಪುಲ್ ರಿಕ್ವೆಸ್ಟ್ ಇಂಥ ಹೆಸರುಗಳ ಕಡತವಾಗಿರಲಿ: ಹೆಸರು, ಅದರ ಬೈಟ್‌ಗಳು, ಬರಬೇಕಾದ ಫಲಿತಾಂಶ. ಮಾದರಿಗೆ ವೈಚೆಪ್ರೂಫ್‌ನ ಕಡತಗಳನ್ನೇ ನೋಡಿ. ಅವುಗಳಲ್ಲಿ ಸಿಂಧು, ಅಸಿಂಧು ಎಂಬ ಎರಡರ ಜೊತೆ 'ಒಪ್ಪಬಹುದು' ಎಂಬ ಮೂರನೆಯ ಫಲಿತಾಂಶವೂ ಇದೆ. ಅದನ್ನು ನಿಮ್ಮ ಕಡತಕ್ಕೆ ತರಬೇಡಿ.